ಟೆಂಡನ್ ಹೊಲಿದರೂ ಸ್ನಾಯು ಮರಳದೇಕೆ: ಹೆಗಲೊಳಗೆ ಸೇರಿಕೊಳ್ಳುವ ಕೊಬ್ಬಿನ ಲೆಕ್ಕ

ಹೆಗಲಿನ ಎಂಆರ್‌ಐ ವರದಿ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಯಾವ ಟೆಂಡನ್ (ಸ್ನಾಯುವನ್ನು ಮೂಳೆಗೆ ಅಂಟಿಸುವ ಪಟ್ಟಿ) ಹರಿದಿದೆ, ಎಷ್ಟು ಮಿಲಿಮೀಟರ್ ಹರಿದಿದೆ ಎಂಬ ಸಾಲಿಗೆ. ಅದರ ಕೆಳಗೆ ಸ್ನಾಯುಗಳ ಸ್ಥಿತಿಯನ್ನು ಹೇಳುವ ಇನ್ನೊಂದು ಸಾಲು ಇರುತ್ತದೆ: ಇಂಥ ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡಿದೆ, ಅದರ ಶ್ರೇಣಿ ಎರಡು ಅಥವಾ ಮೂರು. ರೋಗಿಗಳು ಆ ಸಾಲನ್ನು ಓದುವುದೇ ಇಲ್ಲ. ಓದಿದರೂ ಮೈಯಲ್ಲಿ ಬೊಜ್ಜು ಹೆಚ್ಚಾಗಿದೆ ಎಂಬರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ನನ್ನ ಚಿಕ್ಕಪ್ಪ ಮಾಡಿದ್ದೂ ಅದನ್ನೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಬಲಗೈ ಊರಿ ಬಿದ್ದರು. ಎಕ್ಸ್‌ರೇಯಲ್ಲಿ ಮುರಿತ ಕಾಣಲಿಲ್ಲ. ಮೂಳೆ ಮುರಿದಿಲ್ಲವಲ್ಲ, ಇನ್ನೇನು ಎಂಬ ಸಮಾಧಾನದಲ್ಲಿ ಎಣ್ಣೆ ಹಚ್ಚಿ, ಶಾಖ ಕೊಟ್ಟು, ನೋವಿನ ಮಾತ್ರೆ ನುಂಗಿ ಒಂದೂವರೆ ವರ್ಷ ಕಳೆದರು. ಕೊನೆಗೆ ಎಂಆರ್‌ಐ ಆದಾಗ ಶಸ್ತ್ರಚಿಕಿತ್ಸಕರು ಹರಿದ ಜಾಗವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಸ್ನಾಯುವಿನ ಅಡ್ಡಸೀಳು ಕಾಣುವ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಲಿಯುವುದೋ ಬೇಡವೋ ಎಂಬುದನ್ನು ತೀರ್ಮಾನಿಸಿದ್ದು ಆ ಎರಡನೆಯ ಸಾಲು. ಆ ಸಾಲಿನ ಹಿಂದಿರುವ ಸಂಗತಿಯನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಸೊಂಟದ ಕೀಲು ಒರಳಿನೊಳಗೆ ಕುಳಿತ ಗುಂಡಿನಂತೆ ಆಳವಾಗಿ ಕೂತಿರುತ್ತದೆ. ಹೆಗಲಿನದು ಹಾಗಲ್ಲ, ಚಪ್ಪಟೆ ತಟ್ಟೆಯ ಅಂಚಿಗೆ ಆನಿಸಿಟ್ಟ ನಿಂಬೆಹಣ್ಣಿನಂತೆ. ಆ ನಿಂಬೆಹಣ್ಣು, ಅಂದರೆ ತೋಳೆಲುಬಿನ ತಲೆ, ತಟ್ಟೆಯಿಂದ ಜಾರದಂತೆ ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದುಕೊಂಡಿರುತ್ತವೆ: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪ್ಯುಲಾರಿಸ್. ಇವು ಹೆಗಲೆಲುಬಿನಿಂದ ಹೊರಟು, ತುದಿಯಲ್ಲಿ ಟೆಂಡನ್ ಎಂಬ ಬಿಳಿಯ ಗಟ್ಟಿ ಪಟ್ಟಿಯಾಗಿ ತೋಳೆಲುಬಿಗೆ ಅಂಟಿಕೊಳ್ಳುತ್ತವೆ. ನಾಲ್ಕೂ ಟೆಂಡನ್‌ಗಳು ಸೇರಿ ಮೂಳೆಯ ತಲೆಗೆ ತೊಡಿಸಿದ ಕುಲಾವಿಯಂತಾಗುವ ಈ ರಚನೆಗೆ ರೊಟೇಟರ್ ಕಫ್ ಎಂದು ಹೆಸರು. ಕೈಯನ್ನು ಮೇಲೆತ್ತುವ ದೊಡ್ಡ ಬಲ ಬರುವುದು ಹೊರಗೆ ಕಾಣುವ ಡೆಲ್ಟಾಯ್ಡ್‌ನಿಂದ. ಆದರೆ ಅದು ಎಳೆಯುವಾಗ ಗುಂಡು ಮೇಲಕ್ಕೆ ಜಾರದಂತೆ ಒತ್ತಿ ಹಿಡಿಯುವವರು ಈ ನಾಲ್ವರು. ಹರಿತ ಹೆಚ್ಚಾಗಿ ಆರಂಭವಾಗುವುದು ಸುಪ್ರಾಸ್ಪೈನೇಟಸ್‌ನ ಟೆಂಡನ್‌ನಲ್ಲಿ. ಬಾಸ್ಟನ್‌ನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ ಇಂಥ ಟೆಂಡನ್ ಹೊಲಿದ ಪ್ರಕರಣಗಳನ್ನು 1911ರಲ್ಲೇ ವರದಿ ಮಾಡಿದ್ದರು. ಆದರೆ ಆ ಟೆಂಡನ್‌ನ ಹಿಂದಿರುವ ಸ್ನಾಯುವಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಳತೆಗೋಲು ಸಿಗಲು ಎಂಟು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇಲ್ಲಿ ಹೇಳುತ್ತಿರುವ ಕೊಬ್ಬು ಹೊಟ್ಟೆಯ ಸುತ್ತ ಕೂಡುವ ಬೊಜ್ಜಿನ ಜಾತಿಗೆ ಸೇರಿದ್ದಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಕಡ್ಡಿಯಂತೆ ತೆಳ್ಳಗಿರುವವರ ಹೆಗಲಿನಲ್ಲೂ ಇದು ಸೇರಿಕೊಳ್ಳುತ್ತದೆ, ಅದೂ ಮುಖ್ಯವಾಗಿ ಟೆಂಡನ್ ಕಡಿದುಕೊಂಡ ಸ್ನಾಯುವಿನಲ್ಲಿ. ಅದೇ ಮನುಷ್ಯನ ಅದೇ ಹೆಗಲಿನ ಪಕ್ಕದ ಸ್ನಾಯು ಕೆಂಪಾಗಿಯೇ ಉಳಿದಿರಬಹುದು. ತುಪ್ಪ ಬಿಟ್ಟರೆ ಇದು ಕರಗುತ್ತದೆಯೇ ಎಂದು ಚಿಕ್ಕಪ್ಪ ಕೇಳಿದ್ದರು. ಕರಗುವುದಿಲ್ಲ. ಇದು ತಿಂದ ಅನ್ನದ ಲೆಕ್ಕಕ್ಕೆ ಸೇರಿದ್ದಲ್ಲ, ಎಳೆತ ಕಳೆದುಕೊಂಡ ಸ್ನಾಯು ತನ್ನೊಳಗೇ ಮಾಡಿಕೊಳ್ಳುವ ಬದಲಾವಣೆ.

ಆ ಬದಲಾವಣೆಯನ್ನು ಶ್ರೇಣಿಗಳಾಗಿ ವಿಂಗಡಿಸಿದವರು ಫ್ರಾನ್ಸಿನ ಡೇನಿಯಲ್ ಗುಟಾಲಿಯೆ. 1994ರಲ್ಲಿ ಅವರ ತಂಡ ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಆಧರಿಸಿ ಐದು ಹಂತಗಳನ್ನು ಗುರುತಿಸಿತು. ಸೊನ್ನೆ ಎಂದರೆ ಕೊಬ್ಬೇ ಇಲ್ಲದ ಸ್ನಾಯು. ಒಂದು ಎಂದರೆ ಅಲ್ಲಲ್ಲಿ ಕೊಬ್ಬಿನ ಗೆರೆ. ಎರಡು ಎಂದರೆ ಕೊಬ್ಬು ಸಾಕಷ್ಟಿದ್ದರೂ ಸ್ನಾಯುವಿಗಿಂತ ಕಡಿಮೆ. ಮೂರು ಎಂದರೆ ಎರಡೂ ಸಮಸಮ. ನಾಲ್ಕು ಎಂದರೆ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. 1999ರಲ್ಲಿ ಜ್ಯೂರಿಕ್‌ನ ತಂಡವೊಂದು ಇದನ್ನು ಎಂಆರ್‌ಐಗೆ ಹೊಂದಿಸಿಕೊಂಡಿತು. ಇಂದು ಬೆಂಗಳೂರಿನ ಸ್ಕ್ಯಾನ್ ಕೇಂದ್ರದ ವರದಿಯಲ್ಲಿ ಕಾಣುವುದೂ ಇದೇ ಐದು ಅಂಕೆಗಳು. ಹೆಗಲೆಲುಬನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಚಿತ್ರವೊಂದರಲ್ಲಿ ಮೂಳೆ ಕವೆಗೋಲಿನಂತೆ ಕಾಣುತ್ತದೆ, ಅದರ ಮೇಲಿನ ಕವಲಿನ ನಡುವೆ ಸುಪ್ರಾಸ್ಪೈನೇಟಸ್ ಕೂತಿರುತ್ತದೆ. ಆರೋಗ್ಯವಾಗಿದ್ದರೆ ಆ ಗುಳಿಯನ್ನು ಬೂದುಬಣ್ಣದ ಸ್ನಾಯು ತುಂಬಿಕೊಂಡು ಅಂಚಿನಿಂದ ಮೇಲಕ್ಕೂ ಉಬ್ಬಿರುತ್ತದೆ. ಚಿಕ್ಕಪ್ಪನ ಚಿತ್ರದಲ್ಲಿ ಅದು ಗುಳಿಯ ತಳಕ್ಕೆ ಕುಸಿದಿತ್ತು. ಉಳಿದ ಬೂದು ಭಾಗದೊಳಗೂ ಬಿಳಿಯ ಗೆರೆಗಳು ಬೇರಿನಂತೆ ಹರಡಿದ್ದವು. ಈ ಬಗೆಯ ಚಿತ್ರದಲ್ಲಿ ಬಿಳಿಯಾಗಿ ಹೊಳೆಯುವುದೆಲ್ಲ ಕೊಬ್ಬು.

ಟೆಂಡನ್ ಹರಿದರೆ ಸ್ನಾಯು ಸಣ್ಣದಾಗಬಹುದು, ಅದು ಸರಿ. ಅದರೊಳಗೆ ಕೊಬ್ಬು ಏಕೆ ಬರಬೇಕು? ಈ ಪ್ರಶ್ನೆಗೆ ಅತ್ಯಂತ ಮನದಟ್ಟಾಗುವ ಉತ್ತರ ಬಂದದ್ದು ಜ್ಯೂರಿಕ್‌ನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯನ್ ಗರ್ಬರ್ ಮತ್ತು ಡೊಮಿನಿಕ್ ಮೇಯರ್ ಕುರಿಗಳ ಮೇಲೆ ನಡೆಸಿದ ಅಧ್ಯಯನಗಳಿಂದ. ಈ ಸ್ನಾಯುಗಳ ಎಳೆಗಳು ಹಗ್ಗದ ಎಳೆಗಳಂತೆ ಉದ್ದಕ್ಕೆ ಹರಿದಿರುವುದಿಲ್ಲ. ತೆಂಗಿನ ಗರಿಯಲ್ಲಿ ನಡುದಂಟಿಗೆ ಎಲೆಗಳು ಓರೆಯಾಗಿ ಕೂಡಿಕೊಂಡಿರುವಂತೆ, ನಡುವಿನ ಟೆಂಡನ್‌ಗೆ ಓರೆಯಾಗಿ ಬಂದು ಸೇರುತ್ತವೆ. ಟೆಂಡನ್ ಮೂಳೆಯಿಂದ ಕಿತ್ತುಬಂದಾಗ ಸ್ನಾಯು ತನ್ನ ಬುಡದ ಕಡೆಗೆ ಸರಿದು ಗಿಡ್ಡವಾಗುತ್ತದೆ, ಎಳೆಗಳು ಮೊದಲಿಗಿಂತ ಹೆಚ್ಚು ಓರೆಯಾಗಿ ಎದ್ದು ನಿಲ್ಲುತ್ತವೆ. ಕುರಿಗಳಲ್ಲಿ ಈ ಓರೆಯ ಕೋನ ಸುಮಾರು 30 ಡಿಗ್ರಿಯಿಂದ 55 ಡಿಗ್ರಿಯ ಆಸುಪಾಸಿಗೆ ಏರಿತ್ತು. ಹಾಗೆ ಎದ್ದು ನಿಂತ ಎಳೆಗಳ ನಡುವೆ ಸಂದು ಬೀಳುತ್ತದೆ. ದೇಹ ಯಾವ ಸಂದನ್ನೂ ಬರಿದಾಗಿ ಬಿಡುವುದಿಲ್ಲವಾದ್ದರಿಂದ ಅಲ್ಲಿ ಕೊಬ್ಬೂ ನಾರಿನ ಅಂಗಾಂಶವೂ ತುಂಬಿಕೊಳ್ಳುತ್ತವೆ. ಈ ವಿವರಣೆಯ ಪ್ರಕಾರ ಕೊಬ್ಬು ಬಂದು ಸ್ನಾಯುವನ್ನು ತಿಂದುಹಾಕುತ್ತಿಲ್ಲ. ಮನೆಯವರು ಬಿಟ್ಟುಹೋದ ಜಾಗಕ್ಕೆ ಗೆದ್ದಲು ಬಂದಂತೆ, ಸ್ನಾಯು ತೆರವು ಮಾಡಿದ ಜಾಗಕ್ಕೆ ಅದು ಬರುತ್ತಿದೆ.

ಇದು ಜ್ಯಾಮಿತಿಯ ಉತ್ತರ. ಸಂದು ತುಂಬುವ ಕೊಬ್ಬಿನ ಕೋಶಗಳು ಎಲ್ಲಿಂದ ಬಂದವು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಉತ್ತರ 2010ರಲ್ಲಿ ಸಿಕ್ಕಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಫಾಬಿಯೊ ರೊಸ್ಸಿ ಅವರ ಪ್ರಯೋಗಾಲಯ ಮತ್ತು ಜಪಾನಿನ ಇನ್ನೊಂದು ತಂಡ, ಪರಸ್ಪರ ಸ್ವತಂತ್ರವಾಗಿ, ಸ್ನಾಯುವಿನೊಳಗೇ ವಾಸಿಸುವ ಒಂದು ಬಗೆಯ ಮೂಲಕೋಶಗಳನ್ನು ಗುರುತಿಸಿದವು. ನಾರು ಅಥವಾ ಕೊಬ್ಬು, ಎರಡರಲ್ಲಿ ಯಾವುದಾದರೂ ಆಗಬಲ್ಲ ಈ ಕೋಶಗಳನ್ನು ಎಫ್‌ಎಪಿ ಎಂದು ಕರೆಯುತ್ತಾರೆ. ಇವು ಹುಟ್ಟಾ ಖಳರೇನೂ ಅಲ್ಲ. ಸಾಮಾನ್ಯ ಗಾಯವಾದಾಗ ಇವು ವೇಗವಾಗಿ ಸಂಖ್ಯೆ ಹೆಚ್ಚಿಸಿಕೊಂಡು, ಸ್ನಾಯು ಕಟ್ಟುವ ಕೋಶಗಳಿಗೆ ಬೇಕಾದ ಸಂಕೇತಗಳನ್ನು ಒದಗಿಸಿ, ಕೆಲಸ ಮುಗಿದ ಕೆಲವೇ ದಿನಗಳಲ್ಲಿ ತಾವಾಗಿ ಸಾಯುತ್ತವೆ. ಮದುವೆ ಮನೆಗೆ ಅಡುಗೆಯವರು ಬಂದು ಹೋದಂತೆ. ಟೆಂಡನ್ ಹರಿದ ಸ್ನಾಯುವಿನಲ್ಲಿ ಮಾತ್ರ ಎಳೆತವಿಲ್ಲದ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿಯುವುದರಿಂದ ದುರಸ್ತಿ ಮುಗಿಯಿತು ಎಂಬ ಸೂಚನೆಯೇ ಬರುವುದಿಲ್ಲ. ಬಂದ ಕೋಶಗಳು ಅಲ್ಲೇ ಉಳಿದು, ಕೆಲವು ನಾರಾಗಿ, ಕೆಲವು ಕೊಬ್ಬಾಗಿ ನೆಲೆ ನಿಲ್ಲುತ್ತವೆ.

ನರದ ಪಾತ್ರದ ಬಗ್ಗೆ ಇನ್ನೂ ಜಗ್ಗಾಟವಿದೆ. ಇಲಿಗಳಲ್ಲಿ ಟೆಂಡನ್ ಒಂದನ್ನೇ ಕತ್ತರಿಸಿದರೆ ಕೊಬ್ಬು ಹೆಚ್ಚು ಬರುವುದಿಲ್ಲ. ಸುಪ್ರಾಸ್ಕ್ಯಾಪ್ಯುಲರ್ ನರವನ್ನೂ ಜೊತೆಗೆ ಕತ್ತರಿಸಿದರೆ ಧಾರಾಳವಾಗಿ ಬರುತ್ತದೆ. ಸುಪ್ರಾಸ್ಪೈನೇಟಸ್ ಮತ್ತು ಇನ್‌ಫ್ರಾಸ್ಪೈನೇಟಸ್‌ಗೆ ಹೋಗುವ ಈ ನರ ಹೆಗಲೆಲುಬಿನ ಇಕ್ಕಟ್ಟಾದ ಕಚ್ಚೊಂದರಲ್ಲಿ ತೂರಿ ಬರುತ್ತದೆ. ಸ್ನಾಯು ಹಿಂದಕ್ಕೆ ಸರಿದಾಗ ನರವೂ ಜಗ್ಗಿ ಪೆಟ್ಟಾಗಬಹುದು ಎಂಬ ವಾದ ಇದರಿಂದ ಬಲ ಪಡೆಯಿತು. ಕುರಿಯಲ್ಲಾದರೋ ನರ ಮುಟ್ಟದೆಯೇ ಕೊಬ್ಬು ಬಂದಿದೆ. ಮನುಷ್ಯರಲ್ಲಿ ಎಷ್ಟು ಪಾಲು ನರದ್ದು, ಎಷ್ಟು ಪಾಲು ಎಳೆತದ್ದು ಎಂಬುದು ತೀರ್ಮಾನವಾಗಿಲ್ಲ. ಇಲಿಯಲ್ಲಿ ಫಲ ಕೊಟ್ಟ ಔಷಧದ ಸುದ್ದಿ ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿದ್ದರೆ ಒಳ್ಳೆಯದು.

ಇನ್ನು ಕಾಲದ ಪ್ರಶ್ನೆ. 1,688 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಪ್ರಾಸ್ಪೈನೇಟಸ್‌ನಲ್ಲಿ ಎರಡನೆಯ ಶ್ರೇಣಿಯ ಕೊಬ್ಬು ಕಾಣಿಸಿಕೊಳ್ಳುವುದು ನೋವು ಆರಂಭವಾದ ಸರಾಸರಿ ಮೂರು ವರ್ಷಗಳ ಬಳಿಕ; ಮೂರು ಮತ್ತು ನಾಲ್ಕನೆಯ ಶ್ರೇಣಿ ಸರಾಸರಿ ಐದು ವರ್ಷಗಳ ಬಳಿಕ. ಕೇಳಿದರೆ ಸಾಕಷ್ಟು ಬಿಡುವಿದೆ ಅನ್ನಿಸುತ್ತದೆ. ಆದರೆ ಇದು ಸರಾಸರಿ, ಅದರಲ್ಲೂ ನೋವಿನಿಂದ ಎಣಿಸಿದ ಸರಾಸರಿ. ಹರಿತ ಯಾವಾಗ ಆಯಿತು ಎಂಬುದು ಬಹುಪಾಲು ರೋಗಿಗಳಿಗೇ ಗೊತ್ತಿರುವುದಿಲ್ಲ. ದೊಡ್ಡ ಹರಿತ, ಒಂದಕ್ಕಿಂತ ಹೆಚ್ಚು ಟೆಂಡನ್‌ಗಳ ಹರಿತ ಮತ್ತು ಹೆಚ್ಚಿನ ವಯಸ್ಸು ಈ ಗಡಿಯಾರವನ್ನು ಬೇಗ ಓಡಿಸುತ್ತವೆ. ಸುಪ್ರಾಸ್ಪೈನೇಟಸ್ ಟೆಂಡನ್‌ನ ಮುಂಭಾಗದ ದಪ್ಪ ಎಳೆ ಕಡಿದಿದೆಯೇ ಉಳಿದಿದೆಯೇ ಎಂಬುದೂ ಮುಖ್ಯ. ಹುರಿಯ ಒಂದು ಬದಿ ಹಿಡಿದಿದ್ದರೂ ಸ್ನಾಯು ಹಿಂದಕ್ಕೆ ಸರಿಯದೆ ಉಳಿಯುತ್ತದೆ.

ಹೊಲಿದ ಮೇಲೆ ಸ್ನಾಯು ಮೊದಲಿನಂತಾಗುತ್ತದೆಯೇ? ಗಟ್ಟಿಯಾದ ಹೌದು ಎಂಬ ಉತ್ತರ ಈವರೆಗೆ ಯಾರಿಂದಲೂ ಬಂದಿಲ್ಲ. ಸ್ನಾಯುವಿನ ಗಾತ್ರ ಸ್ವಲ್ಪ ಸುಧಾರಿಸಬಹುದು. ಕೊಬ್ಬು ಹಿಂದೆ ಸರಿದದ್ದು ತೀರಾ ಅಪರೂಪ. ಹೊಲಿಗೆ ಕೂಡಿಕೊಂಡರೆ ಅದು ಬಹುಮಟ್ಟಿಗೆ ಇದ್ದಲ್ಲೇ ನಿಲ್ಲುತ್ತದೆ, ಹೊಲಿಗೆ ಬಿಚ್ಚಿದರೆ ಮುಂದುವರಿಯುತ್ತದೆ. ಕಾರಣ ಆ ತೆಂಗಿನ ಗರಿಯಲ್ಲೇ ಇದೆ. ಬಹುಕಾಲ ಗಿಡ್ಡವಾಗಿ ಉಳಿದ ಎಳೆಗಳು ತಮ್ಮ ಉದ್ದವನ್ನೇ ಕಳೆದುಕೊಂಡು, ಒಳಗಿನ ಸಂಕೋಚನ ಘಟಕಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಂಡಿರುತ್ತವೆ. ನಡುವೆ ನಾರು ಬೆಳೆದು ಸ್ನಾಯು ಬಿರುಸಾಗಿರುತ್ತದೆ. ಅಂಥ ಸ್ನಾಯುವನ್ನು ಜಗ್ಗಿ ಟೆಂಡನ್ನನ್ನು ಮೂಳೆಗೆ ತಲುಪಿಸಿದರೆ ಹೊಲಿಗೆಯ ಮೇಲೆ ವಿಪರೀತ ಬಿಗಿತ ಬೀಳುತ್ತದೆ. ಟೆಂಡನ್ ಮೂಳೆಗೆ ಅಂಟುವ ಮೊದಲೇ ದಾರ ಅದನ್ನು ಸೀಳಿಕೊಂಡು ಹೊರಬರುತ್ತದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ದೊಡ್ಡ ಮತ್ತು ಅತಿದೊಡ್ಡ ಹರಿತಗಳನ್ನು ಕೀಲುದರ್ಶಕದ (ಕೀಲಿನೊಳಗೆ ತೂರಿಸುವ ಕ್ಯಾಮೆರಾ ಕೊಳವೆಯ) ಮೂಲಕ ಹೊಲಿಸಿಕೊಂಡ 18 ಜನರಲ್ಲಿ 17 ಜನರ ಹೊಲಿಗೆ ವರ್ಷದೊಳಗೆ ಬಿಚ್ಚಿತ್ತು. ತಂತ್ರ ಆಮೇಲೆ ಸುಧಾರಿಸಿದೆ, ಆ ಅಂಕೆಯನ್ನು ಇಂದಿನ ಎಲ್ಲರಿಗೂ ಅನ್ವಯಿಸಬಾರದು. ಆದರೆ ಅದೇ ಅಧ್ಯಯನದ ಇನ್ನೊಂದು ಸಂಗತಿ ಕುತೂಹಲಕಾರಿಯಾಗಿದೆ: ಹೊಲಿಗೆ ಬಿಚ್ಚಿದವರಲ್ಲೂ ಹೆಚ್ಚಿನವರ ನೋವು ಮೊದಲ ವರ್ಷದಲ್ಲಿ ಕಡಿಮೆಯಾಗಿತ್ತು. ನೋವಿನ ಲೆಕ್ಕ ಬೇರೆ, ಬಲದ ಲೆಕ್ಕ ಬೇರೆ. ನೋವು ಹೋಯಿತೆಂದರೆ ಹೆಗಲು ಸರಿಯಾಯಿತು ಎಂದುಕೊಳ್ಳುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ.

ಶ್ರೇಣಿಯ ಅಂಕೆಯನ್ನೂ ದೇವರ ವಾಕ್ಯದಂತೆ ಓದಬೇಕಾಗಿಲ್ಲ. ಅದು ಕಣ್ಣಳತೆ, ಒಂದೇ ಚಿತ್ರಕ್ಕೆ ಒಬ್ಬರು ಎರಡು ಎಂದರೆ ಇನ್ನೊಬ್ಬರು ಮೂರು ಎನ್ನುವುದುಂಟು. ಜೊತೆಗೆ ಒಂದು ದೃಷ್ಟಿಭ್ರಮೆಯೂ ಇದೆ. ಸ್ನಾಯು ಬುಡದ ಕಡೆಗೆ ಸರಿದಾಗ ಆ ಕವೆಗೋಲಿನ ಚಿತ್ರದಲ್ಲಿ ಸಿಗುವುದು ಅದರ ದಪ್ಪ ಹೊಟ್ಟೆಯ ಬದಲು ತೆಳುವಾದ ತುದಿ. ಹೊಲಿದು ಮುಂದಕ್ಕೆ ಎಳೆದ ಮರುದಿನವೇ ಸ್ಕ್ಯಾನ್ ಮಾಡಿದರೆ ಸ್ನಾಯು ದಪ್ಪವಾಗಿ, ಕೊಬ್ಬು ಕಡಿಮೆಯಾಗಿ ಕಾಣುತ್ತದೆ. ಒಳಗೆ ಬದಲಾದದ್ದು ಏನೂ ಇಲ್ಲ, ಸೀಳಿದ ಜಾಗ ಬದಲಾಗಿದೆ ಅಷ್ಟೇ. ಶಸ್ತ್ರಚಿಕಿತ್ಸೆಯ ಬಳಿಕ ಕೊಬ್ಬು ಕರಗಿತು ಎಂಬ ವರದಿಗಳನ್ನು ಓದುವಾಗ ಮೊದಲ ಚಿತ್ರ ಯಾವಾಗ ತೆಗೆದದ್ದು ಎಂದು ಕೇಳಬೇಕಾದದ್ದು ಇದಕ್ಕಾಗಿ. ನೀರು ಮತ್ತು ಕೊಬ್ಬಿನ ಸಂಕೇತಗಳನ್ನು ಬೇರ್ಪಡಿಸಿ ಶೇಕಡಾವಾರು ಅಳೆಯುವ ಡಿಕ್ಸನ್ ವಿಧಾನ 1984ರಿಂದಲೇ ಇದೆ, ಆದರೆ ದಿನನಿತ್ಯದ ವರದಿಗಳಲ್ಲಿ ಅದಕ್ಕೆ ಜಾಗ ಸಿಕ್ಕಿರುವುದು ಕಡಿಮೆ.

ಹಾಗಾದರೆ ಹರಿದ ಎಲ್ಲ ಟೆಂಡನ್‌ಗಳನ್ನೂ ಕೂಡಲೇ ಹೊಲಿಯಬೇಕೇ? ಇಲ್ಲಿ ವಿಷಯ ಜಟಿಲವಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಂದಿನ ಚರ್ಚೆ ದಾರಿ ತಪ್ಪುವುದೂ ಇಲ್ಲಿಯೇ. ವಯಸ್ಸಾದಂತೆ ಈ ಟೆಂಡನ್‌ಗಳು ತಾವಾಗಿ ಸವೆದು ಹರಿಯುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 80 ದಾಟಿದವರಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿಯ ಹೆಗಲಿನಲ್ಲಿ ಒಂದಲ್ಲ ಒಂದು ಬಗೆಯ ದೋಷ ಕಂಡಿದೆ, ಅವರಲ್ಲಿ ಅನೇಕರಿಗೆ ನೋವೇ ಇರಲಿಲ್ಲ. ಪೆಟ್ಟಿಲ್ಲದೆ ಆದ ಪೂರ್ಣ ಹರಿತವಿದ್ದ 452 ಜನರಿಗೆ ಅಮೆರಿಕದಲ್ಲಿ ವ್ಯಾಯಾಮ ಚಿಕಿತ್ಸೆ ಕೊಟ್ಟು ನೋಡಿದಾಗ, ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ ಆರಿಸಿಕೊಂಡವರು ಕಾಲು ಭಾಗಕ್ಕಿಂತ ಕಡಿಮೆ. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಅನವಶ್ಯಕ ಕತ್ತರಿಗೆ ಕಡಿವಾಣ ಹಾಕಿತು, ಅದು ಒಳ್ಳೆಯದೇ. ತೊಂದರೆಯಾದದ್ದು ಅದನ್ನು ಎಲ್ಲ ಹರಿತಗಳಿಗೂ ಹೊಂದಿಸಿದಾಗ. ನಲವತ್ತೈದರ ರೈತರೊಬ್ಬರು ಬೈಕಿನಿಂದ ಬಿದ್ದು, ನಿನ್ನೆಯವರೆಗೆ ಸಲೀಸಾಗಿ ಎತ್ತುತ್ತಿದ್ದ ಕೈಯನ್ನು ಇಂದು ಎತ್ತಲಾರದೆ ಹೋದರೆ ಅದು ಸವೆತದ ಕಥೆಯಲ್ಲ. ಅಂಥವರ ಸ್ನಾಯು ಬಿದ್ದ ದಿನ ಕೆಂಪಗೆ, ಉದ್ದಕ್ಕೆ ಇರುತ್ತದೆ. ಕಾಯುವ ಒಂದೊಂದು ತಿಂಗಳೂ ಅದರ ಖಾತೆಯಿಂದ ಕಳೆಯುತ್ತದೆ. ಪೆಟ್ಟಿನ ಹರಿತಕ್ಕೂ ಸವೆತದ ಹರಿತಕ್ಕೂ ಎಂಆರ್‌ಐಯಲ್ಲಿ ಹೆಸರು ಒಂದೇ ಆದರೂ ಚಿಕಿತ್ಸೆಯ ಅವಸರ ಒಂದೇ ಅಲ್ಲ.

ನಮ್ಮಲ್ಲಿ ಈ ತಿಂಗಳುಗಳು ಕಳೆದುಹೋಗುವುದು ಹೆಚ್ಚಾಗಿ ಒಂದು ಹೆಸರಿನ ಅಡಿಯಲ್ಲಿ: ಫ್ರೋಜನ್ ಶೋಲ್ಡರ್, ಅಂದರೆ ಬಿಗಿದುಕೊಂಡ ಹೆಗಲು. ಮಧುಮೇಹಿಗಳಲ್ಲಿ ಹೆಗಲು ನಿಜಕ್ಕೂ ಹೆಚ್ಚು ಬಿಗಿಯುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತ್ತು. ಹಾಗಾಗಿ ಆ ಹೆಸರು ಎಲ್ಲರ ನಾಲಿಗೆಯ ತುದಿಯಲ್ಲಿದೆ. ಕೈ ಎತ್ತಲಾಗದ ಯಾರಿಗಾದರೂ ನೆರೆಮನೆಯವರೇ ಆ ಕಾಯಿಲೆಯನ್ನು ಹೇಳಿಬಿಡುತ್ತಾರೆ. ಬಿಗಿದ ಹೆಗಲಿಗೂ ಹರಿದ ಹೆಗಲಿಗೂ ಇರುವ ವ್ಯತ್ಯಾಸವನ್ನು ಮೊದಲ ನೋಟಕ್ಕೆ ಹಿಡಿಯಲು ಯಂತ್ರ ಬೇಕಿಲ್ಲ. ಬಿಗಿದ ಹೆಗಲನ್ನು ಬೇರೆಯವರು ಎತ್ತಲು ಹೋದರೂ ಅದು ಏಳುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಆನಿಸಿ ಅಂಗೈಯನ್ನು ಹೊರಕ್ಕೆ ತಿರುಗಿಸಿದರೆ ಅರ್ಧದಲ್ಲೇ ನಿಂತುಬಿಡುತ್ತದೆ. ಟೆಂಡನ್ ಹರಿದ ಕೈಯನ್ನು ಬೇರೆಯವರು ಎತ್ತಿದರೆ ಮೇಲಕ್ಕೆ ಹೋಗುತ್ತದೆ, ಆದರೆ ಬಿಟ್ಟ ಕೂಡಲೇ ನಿಲ್ಲಲಾರದೆ ಇಳಿಯುತ್ತದೆ. ಎರಡೂ ಒಟ್ಟಿಗೆ ಇರುವ ಹೆಗಲುಗಳಿರುವುದರಿಂದ ಇದೇ ಕೊನೆಯ ಮಾತಲ್ಲ. ಆದರೂ ನಲವತ್ತು ದಾಟಿದವರು ಬಿದ್ದ ಮೇಲೆ ಅಥವಾ ಹೆಗಲು ಕೀಲು ತಪ್ಪಿದ ಮೇಲೆ ಕೈ ಎತ್ತಲಾರದೆ ಹೋಗಿ, ಎಕ್ಸ್‌ರೇ ಸರಿಯಿದ್ದರೆ, ಟೆಂಡನ್ನನ್ನು ಸಂಶಯಿಸಲೇಬೇಕು. ನುರಿತವರು ಮಾಡಿದರೆ ಅಲ್ಟ್ರಾಸೌಂಡ್ ಕೂಡ ಪೂರ್ಣ ಹರಿತವನ್ನು ಚೆನ್ನಾಗಿಯೇ ಗುರುತಿಸುತ್ತದೆ. ಮಲೆನಾಡಿನ ಅಡಕೆ ತೋಟಗಳಲ್ಲಿ ಉದ್ದನೆಯ ಫೈಬರ್ ದೋಟಿಯನ್ನು ನೆಟ್ಟಗೆ ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಚೆಲ್ಲಿ, ದಿನವಿಡೀ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೆಲಸ ಈಗ ಸಾಮಾನ್ಯವಾಗುತ್ತಿದೆ. ಮರ ಹತ್ತುವ ಅಪಾಯ ತಪ್ಪಿದ್ದು ದೊಡ್ಡ ಲಾಭ. ಆದರೆ ಕೈಯನ್ನು ತಲೆಯ ಮೇಲೆತ್ತಿ ಭಾರ ಹಿಡಿಯುವ ದುಡಿಮೆಗೂ ಈ ಟೆಂಡನ್‌ಗಳ ಸವೆತಕ್ಕೂ ಇರುವ ನಂಟು ವೃತ್ತಿ ಆರೋಗ್ಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಕೊಬ್ಬನ್ನು ಔಷಧದಿಂದ ತಡೆಯುವ ಪ್ರಯತ್ನಗಳೂ ನಡೆದಿವೆ. ಸ್ನಾಯು ಬೆಳೆಸುವ ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡನ್ನು ಗರ್ಬರ್ ತಂಡ ಪ್ರಾಣಿಗಳಲ್ಲಿ ಪ್ರಯೋಗಿಸಿತು. ಟೆಂಡನ್ ಕತ್ತರಿಸಿದ ದಿನದಿಂದಲೇ ಕೊಟ್ಟರೆ ಕೊಬ್ಬು ಕಡಿಮೆ ಸೇರಿತು. ಸ್ನಾಯು ಹಿಂದೆ ಸರಿದು ಕೊಬ್ಬು ನೆಲೆಯೂರಿದ ಮೇಲೆ ಕೊಟ್ಟರೆ ಸ್ನಾಯು ಅದಕ್ಕೆ ಓಗೊಡಲೇ ಇಲ್ಲ. ಇನ್ನೊಂದು ದಾರಿಯಲ್ಲಿ, ಎಫ್‌ಎಪಿ ಕೋಶಗಳನ್ನು ಶಕ್ತಿ ಉರಿಸುವ ಕಂದು ಛಾಯೆಯ ಕೊಬ್ಬಾಗಿ ತಿರುಗಿಸಿ ಸ್ನಾಯುವಿಗೆ ನೆರವಾಗುವಂತೆ ಮಾಡಲು ಕ್ಯಾಲಿಫೋರ್ನಿಯಾದಲ್ಲಿ ಇಲಿಗಳ ಮೇಲೆ ಕೆಲಸ ಸಾಗಿದೆ. ರೋಗಿಗೆ ಬರೆದುಕೊಡುವ ಚೀಟಿಯವರೆಗೆ ಇವು ಯಾವುವೂ ಬಂದಿಲ್ಲ.

ಕೊಬ್ಬು ಮೂರನೆಯ ಶ್ರೇಣಿ ಮುಟ್ಟಿದ ಮೇಲೆ ಮಾಡುವುದೇನು ಎಂಬುದಕ್ಕೆ ಉತ್ತರಗಳು ಇಲ್ಲದಿಲ್ಲ. ಮುಂದಿನ ಮತ್ತು ಹಿಂದಿನ ಸ್ನಾಯುಗಳು ಚೆನ್ನಾಗಿದ್ದರೆ ಅವೆರಡರ ಸಮತೋಲದಲ್ಲಿ ಗುಂಡು ತಟ್ಟೆಯ ಮೇಲೆ ನಿಲ್ಲಬಲ್ಲದು. ಮಲಗಿಕೊಂಡು ಆರಂಭಿಸಿ ಕ್ರಮೇಣ ಕುಳಿತು ಮಾಡುವ ವ್ಯಾಯಾಮದಿಂದ ಡೆಲ್ಟಾಯ್ಡನ್ನು ಪಳಗಿಸಿದರೆ ಊಟ, ಸ್ನಾನ, ತಲೆ ಬಾಚುವ ಕೆಲಸಗಳು ಅನೇಕರಿಗೆ ಮರಳಿ ಸಾಧ್ಯವಾಗುತ್ತವೆ. ವ್ಯಾಯಾಮ ಕೊಬ್ಬನ್ನು ತೆಗೆಯುವುದಿಲ್ಲ, ಉಳಿದ ಸ್ನಾಯುಗಳಿಗೆ ಹೊಸ ಕೆಲಸ ಕಲಿಸುತ್ತದೆ. ದುಡಿಯುವ ವಯಸ್ಸಿನವರಿಗೆ ಬೆನ್ನಿನ ಅಥವಾ ಹೆಗಲ ಹಿಂದಿನ ಸ್ನಾಯುವೊಂದರ ಟೆಂಡನ್ನನ್ನು ಕಿತ್ತು ಇಲ್ಲಿಗೆ ಜೋಡಿಸುವ ವಿಧಾನಗಳಿವೆ. ವಯಸ್ಸಾದವರಿಗೆ ಇರುವ ದಾರಿ ಫ್ರಾನ್ಸಿನ ದಿಜಾನ್‌ನಲ್ಲಿ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ ತಿರುಗುಮುರುಗು ಕೃತಕ ಕೀಲು. ಅದರಲ್ಲಿ ಗುಂಡನ್ನು ಹೆಗಲೆಲುಬಿನ ತಟ್ಟೆಯ ಜಾಗಕ್ಕೂ ತಟ್ಟೆಯನ್ನು ತೋಳೆಲುಬಿನ ತಲೆಗೂ ಕೂರಿಸುತ್ತಾರೆ. ಹಾಗೆ ಮಾಡಿದಾಗ ಹರಿದ ಕಫ್‌ನ ಸಹಾಯವಿಲ್ಲದೆಯೇ ಡೆಲ್ಟಾಯ್ಡ್ ತಾನೊಂದೇ ಕೈಯನ್ನು ಎತ್ತಬಲ್ಲದು. ಇಷ್ಟಾದರೂ ಅಂಗೈಯನ್ನು ಹೊರಕ್ಕೆ ತಿರುಗಿಸುವ ಬಲ ಡೆಲ್ಟಾಯ್ಡ್‌ನಲ್ಲಿಲ್ಲ. ಅದಕ್ಕೆ ಹಿಂಬದಿಯ ಪುಟ್ಟ ಟೆರೆಸ್ ಮೈನರ್ ಬೇಕು. ಅದರಲ್ಲೂ ಕೊಬ್ಬು ತುಂಬಿದ್ದರೆ ಹೊಸ ಕೀಲು ಹಾಕಿಸಿಕೊಂಡವರ ಕೈ ಮೇಲೇಳುತ್ತದೆ, ಆದರೆ ಲೋಟ ಬಾಯಿಗೆ ತರುವಾಗ ಮುಂಗೈ ಒಳಕ್ಕೆ ವಾಲುತ್ತದೆ. ಹೀಗಾಗಿ ಕೀಲು ಬದಲಿಸುವ ಮೊದಲೂ ಶಸ್ತ್ರಚಿಕಿತ್ಸಕರು ವರದಿಯ ಆ ಎರಡನೆಯ ಸಾಲಿಗೇ ಮರಳುತ್ತಾರೆ. ಚಿಕ್ಕಪ್ಪನ ವರದಿಯಲ್ಲಿ ಸುಪ್ರಾಸ್ಪೈನೇಟಸ್‌ಗೆ ಮೂರು, ಇನ್‌ಫ್ರಾಸ್ಪೈನೇಟಸ್‌ಗೆ ಎರಡು ಎಂದಿತ್ತು. ಟೆರೆಸ್ ಮೈನರ್‌ನ ಎದುರು ಸೊನ್ನೆ ಇತ್ತು. ಸದ್ಯಕ್ಕೆ ವ್ಯಾಯಾಮ ಸಾಕು, ಮುಂದೆ ಬೇಕಾದರೆ ಕೀಲಿನ ಮಾತು ಎಂದು ವೈದ್ಯರು ಹೇಳಿದ್ದು ಆ ಸೊನ್ನೆಯನ್ನು ನೋಡಿ.